ಪದಚರ್ಚೆ: ಯುದ್ಧಕೈದಿಗಳ ‘ಪೆರೋಲ್’ಗೆ ಬೋರ್ಡಿನಲ್ಲಿ ಏನು ಬರೆಯಲಿ?

ಬಲ್ಲವರೇ, ಸ್ವಲ್ಪ ಅರ್ಜೆಂಟ್. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕ ಅಧಿಕಾರಿಗಳ ಶಿಬಿರ ಜೀವನದ ಬಗ್ಗೆ ಕಾಲೇಜಿನಲ್ಲಿ ಪ್ರದರ್ಶನ ಇದೆ. ಬರಹವನ್ನು ಇವತ್ತು ಸಂಜೆ ಹಂಪನಕಟ್ಟೆಯ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ‘ಪೆರೋಲ್’ ಒಂದು ಉಳಿದಿದೆ.

1929ರ ಜಿನೀವಾ ಒಪ್ಪಂದದ ಪ್ರಕಾರ ಅಧಿಕಾರಿಗಳಿಂದ ಬಲವಂತವಾಗಿ ಕೆಲಸ ಮಾಡಿಸುವಂತಿರಲಿಲ್ಲ. ಹೊತ್ತು ಹೋಗಬೇಕಲ್ಲ? ನಾಟಕ, ಪಾಠ, ತೋಟ, ಸುರಂಗ. ಬೇಲಿಯಾಚೆ ಅಡ್ಡಾಡಿ ಬರಲು ‘ಓಡಿಹೋಗುವುದಿಲ್ಲ’ ಅಂತ ಚೀಟಿಗೆ ಸಹಿ ಹಾಕುತ್ತಿದ್ದರು, ಅದೇ ಪೆರೋಲ್. ವಾಪಸ್ ಬಂದರೆ ಆ ಮಾತು ಅಲ್ಲಿಗೆ ಮುಗಿಯಿತು, ಮತ್ತೆ ಸುರಂಗ ತೋಡಬಹುದು! ಸಾಗಾನ್ ಅನ್ನುವ ಊರಿನ ಶಿಬಿರದಲ್ಲಿ ನಾಟಕದ ರಂಗ ಕಟ್ಟಲು ಕೊಟ್ಟ ಸಲಕರಣೆಗೂ ಇಂಥದೇ ಕರಾರು: ಓಡಿಹೋಗಲು ಬಳಸುವಂತಿಲ್ಲ. ‘ಪೆರೋಲ್’ ಅಂತಲೇ ಹಾಕಿದರೆ ಜನ ಜೈಲು ಕೈದಿಯ ರಜೆ ಅಂದುಕೊಳ್ಳುತ್ತಾರೆ.

*

ಮುಚ್ಚಳಿಕೆ. ಇರುವ ಪದ ಬಿಟ್ಟು ಹುಡುಕುವುದು ಯಾಕೆ?

*

> ಮುಚ್ಚಳಿಕೆ

ತುರ್ಕಿ ಮೂಲದ್ದು. ಮುಚ್ಚಳಕ್ಕೂ ಅದಕ್ಕೂ ಸಂಬಂಧ ಇಲ್ಲ, ಆ ವಾದ ಮತ್ತೆ ಶುರು ಮಾಡಬೇಡಿ. ಫ್ರೆಂಚಿನ ‘ಪರೋಲ್’ ಅಂದರೆ ಬರೀ ಮಾತು. ನಮ್ಮಲ್ಲಿ ನುಡಿ ಇದೆ. ‘ನುಡಿಚೀಟಿ’ ಅನ್ನಿ. ಅಚ್ಚಗನ್ನಡ. ವಚನ, ಪ್ರತಿಜ್ಞೆ ಅಂತ ಸಂಸ್ಕೃತದ ಬಾಗಿಲು ತಟ್ಟಬೇಕಾಗಿಲ್ಲ.

*

> ಅಚ್ಚಗನ್ನಡ

ಚೀಟಿ ಯಾವಾಗ ಅಚ್ಚಗನ್ನಡ ಆಯಿತು ಮಾರಾಯ್ರೆ? ಅದಿರಲಿ. ನಮ್ಮ ಉಡುಪಿ ಕಡೆ ನುಡಿ ಕೊಡುವುದು ದೈವ, ಕೋಲದಲ್ಲಿ. ಬ್ರಿಟಿಷ್ ಕ್ಯಾಪ್ಟನ್ ಜರ್ಮನ್ ಕಾವಲುಗಾರನಿಗೆ ನುಡಿ ಕೊಟ್ಟ ಅಂದರೆ ಇಲ್ಲಿಯವರು ನಗುತ್ತಾರೆ.

ಮುಚ್ಚಳಿಕೆಯೂ ಬೇಡ, ಆದರೆ ತುರ್ಕಿ ಅಂತ ಅಲ್ಲ. ಅದನ್ನು ಪೊಲೀಸರು ಗಲಾಟೆ ಮಾಡಿದವನಿಂದ ಬರೆಸಿಕೊಳ್ಳುತ್ತಾರೆ. ಇಲ್ಲಿ ಅಧಿಕಾರಿಯ ಮರ್ಯಾದೆಯೇ ಜಾಮೀನು. ‘ಭಾಷೆ ಕೊಡುವುದು’ ಎಲ್ಲರಿಗೂ ಮರೆತೇ ಹೋಯಿತಾ? ಹುಲಿಗೆ ಭಾಷೆ ಕೊಟ್ಟು, ಕರುವಿಗೆ ಹಾಲೂಡಿಸಿ ತಿರುಗಿ ಬಂದ ಹಸು ಮಾಡಿದ್ದು ಇದನ್ನೇ ಅಲ್ವಾ! ಆದರೆ ಬೋರ್ಡಿನಲ್ಲಿ ‘ಭಾಷೆ’ ಅಂತ ಕಂಡರೆ ಈಗಿನ ಮಕ್ಕಳು ಜರ್ಮನ್ ಕ್ಲಾಸು ಅಂದುಕೊಂಡಾರು. ‘ಮಾತು ಕೊಟ್ಟು ಅಡ್ಡಾಟ’, ‘ಮಾತಿನ ಮೇಲೆ ಸಲಕರಣೆ’ ಅಂತ ಹಾಕಿ. ಎರಡೂ ಕಡೆ ಕೂರುತ್ತದೆ. ಒಂದೇ ಪದ ಬೇಕು ಅಂತ ಹಟ ಯಾಕೆ?

*

ಭಾಷೆ, ಮರ್ಯಾದೆ ಎರಡೂ ಸಂಸ್ಕೃತ. ನಾನು ಹೇಳಿದ್ದು ಹೇಳಿದ್ದೇ.

*

ಕೈದಿ ಅರಬ್ಬಿ, ಜೈಲು ಇಂಗ್ಲಿಷ್. ಅವನ್ನೂ ಬಿಟ್ಟುಬಿಡಿ. ಆಮೇಲೆ ‘ಸೆರೆ’ ಒಂದನ್ನೇ ಹಿಡಿದು ಇಡೀ ಪ್ರದರ್ಶನ ಬರೆದು ತೋರಿಸಿ, ನೋಡುವ.

*

ಜಗಳ ಮುಂದುವರಿಯಲಿ. ನಾನು ‘ಮಾತು ಕೊಟ್ಟು ಅಡ್ಡಾಟ’ ಕಳಿಸಿದೆ. ಇನ್ನೊಂದು ಬಾಕಿ. ಅಧಿಕಾರಿಗಳ ಅಡುಗೆ, ಕಸ ಗುಡಿಸುವುದು ನೋಡಿಕೊಳ್ಳಲು ಅದೇ ಶಿಬಿರದಲ್ಲಿ ಸಾಮಾನ್ಯ ಸಿಪಾಯಿ ಕೈದಿಗಳೂ ಇರುತ್ತಿದ್ದರು. ಅವರಿಗೆ ‘ಜವಾನ’ ಅನ್ನಬಹುದಾ?

*

ಆರ್ಡರ್ಲಿ ಅಂತಲೇ ಇಡಿ. ಜವಾನ ಅಂದರೆ ನಿಮ್ಮ ಕಾಲೇಜಿನಲ್ಲಿ ಬೆಲ್ ಹೊಡೆಯುವವರು.