ಸ್ಪೀಡ್‌ರೀಡ್‌ನಲ್ಲಿ ಕನ್ನಡ ಒಡೆಯುತ್ತಿದೆ, ಏನು ಮಾಡೋದು?

ಕಪ್ಪುಪರದೆ:
ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಪರದೆ) ಒಂದೊಂದೇ ಪದ ಮಿಂಚಿಸುವ ಸ್ಪೀಡ್‌ರೀಡ್ ಅನ್ನೋ ಪರ್ಲ್ ಭಾಷೆಯ ಸ್ಕ್ರಿಪ್ಟ್‌ಗೆ ಇಂಗ್ಲಿಷ್ ಫೈಲ್ ಕೊಟ್ಟರೆ ನಿಮಿಷಕ್ಕೆ 300 ಪದದ ವೇಗದಲ್ಲಿ ಸಲೀಸಾಗಿ ಓಡುತ್ತೆ. ಕನ್ನಡ ಕೊಟ್ಟರೆ ಕಣ್ಣು ನೆಡಲು ಅದು ಕೆಂಪು ಮಾಡುವ ಅಕ್ಷರದ ಹತ್ತಿರ ಒತ್ತು, ಗುಣಿತ ಕಳಚಿಕೊಂಡು ಚುಕ್ಕಿವೃತ್ತ ಕಾಣುತ್ತೆ. ಫಾಂಟ್ ಬದಲಿಸಿದರೂ ಅಷ್ಟೇ. ಪಿಡಿಎಫ್‌ನಿಂದ ತೆಗೆದ ಪಠ್ಯವಂತೂ ಬರೀ ಗೋಜಲು.

ಒತ್ತಕ್ಷರ:
ಫಾಂಟ್‌ದು ತಪ್ಪಿಲ್ಲ. ಸ್ಕ್ರಿಪ್ಟ್ ಪದವನ್ನು ಕೋಡ್‌ಪಾಯಿಂಟ್ (ಪ್ರತಿ ಚಿಹ್ನೆಗೂ ಕಂಪ್ಯೂಟರ್‌ನಲ್ಲಿರುವ ಸಂಖ್ಯೆ) ಲೆಕ್ಕದಲ್ಲಿ ಅಳೆದು, ನಡುವಿಗಿಂತ ತುಸು ಎಡಕ್ಕಿರೋದನ್ನು ಕೆಂಪು ಮಾಡುತ್ತೆ. 'ಸ್ತ್ರೀ' ನಮಗೆ ಒಂದಕ್ಷರ, ಅದಕ್ಕೆ ಆರು: ಸ, ಹಲಂತ ಚಿಹ್ನೆ (ಸ್ವರ ತೆಗೆದು ಅರ್ಧಾಕ್ಷರ ಮಾಡುವುದು), ತ, ಮತ್ತೆ ಹಲಂತ, ರ, ಈಕಾರ. ಇವುಗಳ ನಡುವೆ ಬಣ್ಣದ ಕೋಡ್ ತೂರಿದರೆ ಅಕ್ಷರ ಕೂಡಿಕೊಳ್ಳಲ್ಲ.

ಪರ್ಲ್‌ನಲ್ಲಿ ಪಠ್ಯ ಹುಡುಕುವ ಮಾದರಿಯಾದ ರೆಜೆಕ್ಸ್‌ನ 'ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್' (\X) ಬಳಸಿ ಪದ ಬಿಡಿಸಿ. ಅಷ್ಟೇ ಸಾಲದು, ಸ್, ತ್, ರೀ ಅಂತ ಮೂರು ತುಂಡು ಸಿಗುತ್ತೆ. ಹಲಂತದಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸಿ, ಆಮೇಲೆ ಎಣಿಸಿ. 'ಫೈಲ್‌ನಲ್ಲಿ' ಥರದ ಪದದಲ್ಲಿ ಲ್ ಆದ ಮೇಲೆ ಅಕ್ಷರ ಕೂಡದಂತೆ ತಡೆಯುವ ಕಾಣದ ಚಿಹ್ನೆ (ZWNJ) ಇರುತ್ತೆ; ಅಲ್ಲಿ ತುಂಡು ಹಲಂತದಲ್ಲಿ ಮುಗಿಯಲ್ಲ, ಹಾಗಾಗಿ ತಾನಾಗೇ ಬೇರೆ ನಿಲ್ಲುತ್ತೆ. ಪಠ್ಯ ಚೊಕ್ಕ ಮಾಡುವ ನೆಪದಲ್ಲಿ ಅದನ್ನು ಅಳಿಸಬೇಡಿ.

ಮೂರುಸಾಲು:
ಇದರ ಜೊತೆಗೆ ವೇಗವನ್ನೂ ಇಳಿಸಿ. ಹೈಫನ್ ಡಬ್ಲ್ಯು ಆಯ್ಕೆಗೆ 150 ಕೊಟ್ಟು ಶುರು ಮಾಡಿ, ಓಡುತ್ತಿರುವಾಗಲೇ ಚೌಕ ಆವರಣದ ಕೀಲಿಗಳಿಂದ ಏರಿಸಿ ಇಳಿಸಬಹುದು, ಸ್ಪೇಸ್ ಒತ್ತಿದರೆ ನಿಲ್ಲುತ್ತೆ. 300 ಅಂದರೆ ಪದಕ್ಕೆ ಸುಮಾರು 200 ಮಿಲಿಸೆಕೆಂಡ್. 'ಓದಲಾಗದಿದ್ದುದರಿಂದ' ಅಷ್ಟರಲ್ಲಿ ತಲೆಗೆ ಇಳಿಯಲ್ಲ. ಇನ್ನೊಂದು: ಉದ್ದ ಪದಕ್ಕೆ ಸ್ಕ್ರಿಪ್ಟ್ ಹೆಚ್ಚು ಹೊತ್ತು ಕೊಡುತ್ತೆ. ಮೇಲಿನ ತಿದ್ದುಪಡಿ ಮಾಡಿದರೆ ಪದಗಳ ಉದ್ದ ಕಮ್ಮಿ ಬರುತ್ತೆ, ಅದೇ ಸಂಖ್ಯೆಯಲ್ಲೂ ಓಟ ಸ್ವಲ್ಪ ಜೋರಾಗುತ್ತೆ.

ಕಪ್ಪುಪರದೆ:
ಅಂಟಿಸಿದೆ, ಒಡೆಯೋದು ನಿಂತಿತು. ಆದರೆ ಪದ ಎಡಬಲಕ್ಕೆ ಜಿಗಿಯುತ್ತೆ.

ಒತ್ತಕ್ಷರ:
ಅದು ಪೂರ್ತಿ ಹೋಗಲ್ಲ. ಟರ್ಮಿನಲ್‌ನ ಸಮ ಅಳತೆಯ ಕೋಣೆಗೂ ಕನ್ನಡ ಅಕ್ಷರದ ಅಗಲಕ್ಕೂ ತಾಳೆಯಾಗಲ್ಲ. ನನ್ನ ಕೇಳಿದರೆ ಕೆಂಪು ಬಣ್ಣ ತೆಗೆದು, ಎಲ್ಲ ಪದವನ್ನೂ ಒಂದೇ ಕಾಲಂನಿಂದ ಶುರು ಮಾಡಿಸೋದು ವಾಸಿ.

ಮೂರುಸಾಲು:
ಪಿಡಿಎಫ್ ವಿಚಾರ: ಮೊದಲು ಪಿಡಿಎಫ್‌ಫಾಂಟ್ಸ್ ಓಡಿಸಿ, ಫೈಲ್‌ನಲ್ಲಿರುವ ಫಾಂಟ್‌ಗಳ ಪಟ್ಟಿ ಕೊಡುತ್ತೆ. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡ ಆಕಾರ ಕೂರಿಸಿದ್ದು) ಕಂಡರೆ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ದಾರಿಯಿಲ್ಲ. ಯೂನಿಕೋಡ್ ಫಾಂಟ್ ಇದ್ದೂ ಅಕ್ಷರಗಳು ಹಿಂದುಮುಂದಾಗಿದ್ದರೆ ಪುಟಗಳನ್ನು ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕೊಡಿ. ಪುಟಸಂಖ್ಯೆ, ತಲೆಬರಹ ವಾಕ್ಯದ ಮಧ್ಯೆ ನುಗ್ಗದಿರಲು, ಪಠ್ಯ ತೆಗೆಯುವ ಪಿಡಿಎಫ್‌ಟುಟೆಕ್ಸ್ಟ್‌ನಲ್ಲೇ ಕತ್ತರಿಸಿ: ಎ4 ಪುಟಕ್ಕೆ ಎಕ್ಸ್ 0, ವೈ 60, ಅಗಲ 595, ಎತ್ತರ 720.