ಅಪ್‌ಡೇಟ್: ಸೈಕಲ್ ತುಳಿಯುವಾಗ ಬೆರಳುಗಳ ಜೋಮು ಮತ್ತು ಭುಜದ ನೋವು

ಒಂದು ಗಂಟೆ ಸೈಕಲ್ ತುಳಿದರೆ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ, ಭುಜವೂ ನೋಯುತ್ತದೆ ಎಂದು ಕಳೆದ ತಿಂಗಳು ಕೇಳಿದ್ದೆ. ಆ ಬೆರಳುಗಳಿಗೆ ಹೋಗುವ ಅಲ್ನಾರ್ ನರವು ಅಂಗೈಯ ಬುಡದಲ್ಲಿ ಹ್ಯಾಂಡಲ್‌ಗೆ ಒತ್ತಿಕೊಳ್ಳುವುದೇ ಕಾರಣವೆಂದು ನೀವು ತಿಳಿಸಿದ ಮೇಲೆ ಮೆತ್ತೆಯಿರುವ ಕೈಗವಸು ಕೊಂಡೆನಾದರೂ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ನಿಜವಾದ ದೋಷ ಸೀಟಿನಲ್ಲಿತ್ತು: ಅದರ ಮೂತಿ ಕೆಳಕ್ಕೆ ಬಾಗಿದ್ದರಿಂದ ದೇಹ ಮುಂದಕ್ಕೆ ಜಾರಿ, ಭಾರವೆಲ್ಲ ಕೈಗಳ ಮೇಲೆ ಬೀಳುತ್ತಿತ್ತು. ಸೀಟನ್ನು ಮಟ್ಟಸಗೊಳಿಸಿ, ಹ್ಯಾಂಡಲ್ ಅನ್ನು 2 ಸೆಂ.ಮೀ. ಎತ್ತರಿಸಿ, ಮೊಣಕೈಗಳನ್ನು ತುಸು ಮಡಿಸಿಕೊಂಡು, ಆಗಾಗ ಹಿಡಿತ ಬದಲಿಸುವುದನ್ನು ರೂಢಿಸಿಕೊಂಡ ಎರಡೇ ವಾರಗಳಲ್ಲಿ ಜೋಮು ನಿಂತಿತು. ಭುಜದ ನೋವು ಮಾತ್ರ ಏರುದಾರಿಯಲ್ಲಿ ಇನ್ನೂ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಅಲ್ಲಿ ನಾನು ಅರಿವಿಲ್ಲದೆ ಭುಜಗಳನ್ನು ಕಿವಿಯವರೆಗೂ ಏರಿಸಿಕೊಳ್ಳುತ್ತೇನೆ (ಹಿಂದೆ ಬರುತ್ತಿದ್ದ ಗೆಳೆಯ ನಕ್ಕಾಗಲೇ ಅದು ಗೊತ್ತಾದದ್ದು).