ಟೋಕಿಯೋದಲ್ಲಿ ರಾಮೆನ್ ತಿನ್ನೋದು ಹೇಗೆ? ನಾನು ಹಂದಿ, ದನ ತಿನ್ನಲ್ಲ, ಅಮ್ಮ ಪೂರ್ತಿ ವೆಜ್

ಪ್ರಶ್ನೆ

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಟೋಕಿಯೋಗೆ ಹೊರಟಿದೀನಿ, ಕೆಲವು ತಿಂಗಳು ಅಲ್ಲೇ ಇರ್ಬೇಕು, ಮಧ್ಯದಲ್ಲಿ ಅಮ್ಮನೂ ಬಂದು ಸ್ವಲ್ಪ ದಿನ ಇದ್ದು ಹೋಗ್ತಾರೆ. ಚಿಕ್ಕ ಚಿಕ್ಕ ರಾಮೆನ್ (ಬಿಸಿ ಸೂಪಲ್ಲಿ ನೂಡಲ್ಸ್) ಅಂಗಡಿ ಇರ್ತಾವಲ್ಲ, ಕೌಂಟರ್ ಮುಂದೆ ಏಳೆಂಟು ಸ್ಟೂಲ್ ಅಷ್ಟೇ, ಅಂಥಲ್ಲಿ ಕೂತು ತಿನ್ಬೇಕು ಅಂತ ತುಂಬಾ ಆಸೆ. ಆದ್ರೆ ವಿಡಿಯೋ ನೋಡಿದ್ರೆ ಬಾಗಿಲಲ್ಲೇ ಒಂದು ಮೆಷಿನ್, ಅದರ ಮೈತುಂಬ ಬಟನ್, ಎಲ್ಲಾ ಜಪಾನೀಸಲ್ಲಿ, ಹಿಂದೆ ಜನ ಕಾಯ್ತಾ ನಿಂತಿರ್ತಾರೆ, ನೋಡಿದ್ರೇನೇ ಟೆನ್ಶನ್ ಆಗುತ್ತೆ. ನಾನು ಚಿಕನ್, ಮೀನು, ಮೊಟ್ಟೆ ತಿಂತೀನಿ, ಹಂದಿ ಮತ್ತೆ ದನ ಮುಟ್ಟಲ್ಲ. ಅಮ್ಮ ಮೊಟ್ಟೆನೂ ತಿನ್ನಲ್ಲ. ಮೇಲೆ ಇಡೋ ಮಾಂಸ ಬೇಡ ಅಂತ ಹೇಳಿದ್ರೆ ಸಾಕಾಗುತ್ತಾ? ಅಲ್ಲಿರೋ ಕನ್ನಡದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉತ್ತರ – ನಿಶಿಕಸಾಯ್ ಕನ್ನಡಿಗ

ಸಾಕಾಗಲ್ಲ ಬ್ರೋ, ಇದನ್ನ ಮೊದಲೇ ತಿಳ್ಕೊಂಡು ಬಂದ್ರೆ ಒಳ್ಳೇದು. ರಾಮೆನ್ನಲ್ಲಿ ಮಾಂಸ ಇರೋದು ಮೇಲಷ್ಟೇ ಅಲ್ಲ, ಸೂಪಲ್ಲೂ. ಶೋಯು, ಶಿಯೊ, ಮಿಸೊ ಅಂತ ಬೋರ್ಡಲ್ಲಿ ನೋಡಿದಾಗ ಸೋಯಾ ಸಾಸು, ಉಪ್ಪು, ಸೋಯಾ ಪೇಸ್ಟು ತಾನೆ ಅನ್ಸುತ್ತೆ, ಆದ್ರೆ ಅದು ರುಚಿಗೆ ಬಟ್ಟಲಿನ ತಳಕ್ಕೆ ಹಾಕೋ "ತಾರೆ" ಅನ್ನೋ ಸಾಸು ಮಾತ್ರ, ಅದರ ಮೇಲೆ ಸುರಿಯೋ ಸೂಪು ಹಂದಿ ಮೂಳೆದೋ ಕೋಳಿದೋ ಎರಡೂ ಸೇರಿಸಿದ್ದೋ ಆಗಿರುತ್ತೆ, ಜೊತೆಗೆ ಬಹಳ ಕಡೆ ಒಣಮೀನೂ ಬಿದ್ದಿರುತ್ತೆ. ಮಿಸೊ ರಾಮೆನ್ನಿಗೆ ಎಷ್ಟೋ ಕಡೆ ತರಕಾರೀನ ಹಂದಿ ಕೊಬ್ಬಲ್ಲೇ ಹುರೀತಾರೆ. ತೋನ್ಕೊತ್ಸು ಅಂತೂ ಪೂರ್ತಿ ಹಂದಿ ಮೂಳೆ, ಗಂಟೆಗಟ್ಟಲೆ ಕುದಿಸಿ ಕುದಿಸಿ ಹಾಲಿನ ಥರ ಬೆಳ್ಳಗಾಗಿರುತ್ತೆ. ಇಚಿರಾನ್ ಹೆಸರು ಕೇಳಿರ್ತೀರ, ಒಬ್ಬೊಬ್ರಿಗೆ ಒಂದೊಂದು ಅಡ್ಡಹಲಗೆ ಹಾಕಿ ಕೂರಿಸ್ತಾರಲ್ಲ, ಅದೂ ಸಾಮಾನ್ಯವಾಗಿ ತೋನ್ಕೊತ್ಸುನೇ, ಅದು ನಿಮಗಾಗಲ್ಲ.

ನೀವು ಹುಡುಕಬೇಕಾದ್ದು ತೋರಿ ಪಾಯ್ತಾನ್. ಕೋಳಿ ಮೂಳೆನ ಅದೇ ಥರ ಕುದಿಸಿ ಮಾಡೋ ಗಟ್ಟಿ ಬಿಳಿ ಸೂಪು, ತುಟಿಗೆ ಅಂಟೋ ಅಷ್ಟು ದಪ್ಪ ಇರುತ್ತೆ. ಗಿಂಜಾ ಏರಿಯಾದ ಕಾಗರಿ ಅನ್ನೋ ಅಂಗಡಿ ಇದಕ್ಕೇ ಹೆಸರುವಾಸಿ, ಮೇಲೆ ಇಡೋದೂ ಕೋಳೀನೇ. ಬೇರೆ ಕಡೆ ಸೂಪು ಕೋಳಿದಾದ್ರೂ ಮೇಲೆ ಚಾಶು ಅಂತ ಹಂದಿ ಮಾಂಸದ ತುಂಡು ಇಡ್ತಾರೆ, ಹಾಗಾಗಿ "ಬುತಾ ಹಾಯ್ತ್ತೆ ಇಮಾಸ್ ಕಾ" ಅಂತ ಕೇಳಿ, ಹಂದಿ ಇದ್ಯಾ ಅಂತ. ಇದ್ರೆ ಇದೆ ಅಂತ ನೇರವಾಗೇ ಹೇಳ್ತಾರೆ. ನನ್ನ ಕೇಳಿದ್ರೆ ಒಳ್ಳೆ ತೋರಿ ಪಾಯ್ತಾನ್ ಮುಂದೆ ತೋನ್ಕೊತ್ಸು ತಪ್ಪಿಹೋಯ್ತು ಅನ್ನೋ ಬೇಜಾರೇ ಇರಲ್ಲ.

ಉತ್ತರ – ಹಾಸನದವನು

ಮೆಷಿನ್ ಬಗ್ಗೆ ನಾನು ಹೇಳ್ತೀನಿ, ಅದು ಮಾತು ಬರದೇ ಇರೋರಿಗೆ ವರದಾನ. ಮೊದಲು ದುಡ್ಡು ಹಾಕ್ಬೇಕು, ಆಮೇಲೆ ಬಟನ್, ಚೀಟಿ ಬೀಳುತ್ತೆ, ಚಿಲ್ಲರೆಗೆ ಲಿವರ್ ತಿರುಗಿಸ್ಬೇಕು. ಸಾಮಾನ್ಯವಾಗಿ ಎಡಗಡೆ ಮೇಲಿನ ಮೂಲೇಲಿರೋ ಬಟನ್ನೇ ಆ ಅಂಗಡಿಯ ಮುಖ್ಯ ಐಟಂ. ಆದ್ರೆ ನಿಮಗೆ ಹಂದಿ ಆಗಲ್ಲ ಅಂದಮೇಲೆ ಕಣ್ಮುಚ್ಕೊಂಡು ಅದನ್ನ ಒತ್ಬೇಡಿ, ಫೋನ್ ಕ್ಯಾಮೆರಾದಲ್ಲಿ ಟ್ರಾನ್ಸ್‌ಲೇಟ್ ಮಾಡಿ ನೋಡಿ. ಕ್ಯೂ ಇದ್ರೆ ಮೊದಲೇ ಚೀಟಿ ತಗೋಬೇಕಾ ಅಥವಾ ನಿಂತು ಆಮೇಲಾ ಅನ್ನೋದು ಅಂಗಡಿಯಿಂದ ಅಂಗಡಿಗೆ ಬೇರೆ, ಮುಂದಿರೋರು ಏನ್ಮಾಡ್ತಾರೆ ನೋಡಿ ಹಾಗೇ ಮಾಡಿ.

ಕ್ಯಾಶ್ ಇಟ್ಕೊಳ್ಳಿ, ಸಾವಿರ ಯೆನ್ ನೋಟುಗಳು. 2024ರ ಜುಲೈಲಿ ಹೊಸ ನೋಟು ಬಂತಲ್ಲ, ಹಳೇ ಮೆಷಿನ್ ಕೆಲವು ಅದನ್ನ ತಗೊಳ್ಳಲ್ಲ, ಅಂಥ ಕಡೆ ಅಂಗಡಿಯವರಿಗೆ ತೋರಿಸಿದ್ರೆ ಬದಲಾಯಿಸಿ ಕೊಡ್ತಾರೆ. ಒಂದು ಬೌಲ್ ಹೆಚ್ಚುಕಮ್ಮಿ ಸಾವಿರ ಯೆನ್ ಆಸುಪಾಸಲ್ಲೇ ಸಿಗುತ್ತೆ. ಟಿಪ್ಸ್ ಕೊಡೋಹಾಗಿಲ್ಲ.

ಚೀಟಿನ ಕೌಂಟರ್ ಮೇಲಿಟ್ರೆ ಆಯ್ತು. ನೀರು ನಾವೇ ಜಗ್ಗಿಂದ ಹಾಕೋಬೇಕು. ಬ್ಯಾಗಿಗೆ ಕಾಲ ಹತ್ರ ಬುಟ್ಟಿ ಇರುತ್ತೆ, ಇಲ್ಲಾ ಹಿಂದೆ ಹುಕ್. ಬೌಲ್ ಬಂದ ತಕ್ಷಣ ಶುರು ಮಾಡ್ಬಿಡಿ, ಫೋಟೋ ತೆಗೀತಾ ಕೂತ್ರೆ ಸೂಪಲ್ಲಿ ನೂಡಲ್ಸ್ ಮೆತ್ತಗಾಗಿ ಹೋಗುತ್ತೆ. ಸೊರ್ ಅಂತ ಸದ್ದು ಮಾಡ್ಕೊಂಡು ತಿನ್ನಿ, ಯಾರೂ ಏನೂ ಅಂದ್ಕೊಳ್ಳಲ್ಲ, ಗಾಳಿ ಸೇರ್ಕೊಂಡು ಎಳೆದಾಗ ಬಿಸಿನೂ ತಡ್ಕೋಬಹುದು ವಾಸನೆನೂ ಚೆನ್ನಾಗಿ ಸಿಗುತ್ತೆ. ಸೂಪು ಪೂರ್ತಿ ಕುಡೀಲೇಬೇಕು ಅಂತಿಲ್ಲ, ಉಪ್ಪು ಜಾಸ್ತಿ ಇರುತ್ತೆ, ಬಿಟ್ರೆ ಅವಮಾನ ಏನಲ್ಲ. ಮುಗಿದ್ಮೇಲೆ ಬೌಲ್‌ನ ಎದುರಿನ ಮೇಲುಕಟ್ಟೆ ಮೇಲೆ ಎತ್ತಿಟ್ಟು, ಅಲ್ಲೇ ಇರೋ ಬಟ್ಟೇಲಿ ನಮ್ಮ ಜಾಗ ಒರೆಸಿ, "ಗೊಚಿಸೋಸಮಾ" (ಊಟಕ್ಕೆ ಥ್ಯಾಂಕ್ಸ್) ಅಂತ ಹೇಳಿ ಎದ್ದುಬಿಡಿ. ಒಳಗಿಂದ ಎಲ್ಲರೂ ಒಟ್ಟಿಗೆ ಕೂಗಿ ಥ್ಯಾಂಕ್ಸ್ ಹೇಳ್ತಾರೆ, ನಂಗೆ ಅದು ಬಹಳ ಇಷ್ಟ. ಮಾತಾಡ್ಕೊಂಡು ಕೂರೋ ಜಾಗ ಅಲ್ಲ ಅದು, ಹೊರಗೆ ಜನ ಕಾಯ್ತಿರ್ತಾರೆ.

ಉತ್ತರ – ಅಡುಗೆಮನೆ ಅಕ್ಕ

ಅಮ್ಮನ್ನ ಇಂಥ ಕೌಂಟರ್ ಅಂಗಡಿಗೆ ಕರ್ಕೊಂಡು ಹೋಗ್ಬೇಡಪ್ಪ. ಒಬ್ರಿಗೆ ಒಂದು ಬೌಲ್ ಅನ್ನೋದು ಸುಮಾರು ಕಡೆ ನಿಯಮ, ಅವರು ಸುಮ್ನೆ ಪಕ್ಕದಲ್ಲಿ ಕೂತಿರೋಕೆ ಬಿಡಲ್ಲ, ಮತ್ತೆ ಆ ಹಂದಿ ಮೂಳೆ ಕುದಿಯೋ ವಾಸನೆ ಅಭ್ಯಾಸ ಇಲ್ಲದವರಿಗೆ ತಡ್ಕೊಳ್ಳೋಕಾಗಲ್ಲ.

ಟೋಕಿಯೋ ಸ್ಟೇಷನ್ನಲ್ಲಿ ಟೀಸ್ ತಾನ್‌ತಾನ್ ಅಂತ ಒಂದು ರಾಮೆನ್ ಅಂಗಡಿ ಇದೆ, ಮಾಂಸ ಮೀನು ಮೊಟ್ಟೆ ಹಾಲು ಏನೂ ಬಳಸಲ್ಲ. ಎಳ್ಳಿನ ಗಟ್ಟಿ ಸೂಪು, ಮೇಲೆ ಸೋಯಾದ ಖೀಮಾ ಥರದ್ದು, ಮೆಣಸಿನ ಎಣ್ಣೆ, ಎಳ್ಳಿನ ಘಮ ನಮ್ಮವರಿಗೆ ಹೊಸದಲ್ಲ ಅಲ್ವಾ, ಅಮ್ಮಂದಿರಿಗೆ ಬೇಗ ಹಿಡಿಸುತ್ತೆ. ಒಂದು ವಿಷಯ ನೆನಪಿರಲಿ, ಅದಿರೋದು ಜೆಆರ್ (ಜಪಾನ್ ರೈಲ್ವೆ) ಟಿಕೆಟ್ ಗೇಟಿನ ಒಳಗೆ, ಕೇಯೋ (Keiyo) ಲೈನಿಗೆ ಹೋಗೋ ದಾರೀಲಿ. ಹೊರಗಿಂದ ಸುಮ್ನೆ ಹೋಗೋಕಾಗಲ್ಲ. ಕ್ಯೋಟೋಗೋ ಎಲ್ಲಿಗೋ ಶಿಂಕಾನ್ಸೆನ್ ಬುಲೆಟ್ ಟ್ರೈನಲ್ಲಿ ಕರ್ಕೊಂಡು ಹೋಗೋ ದಿನ ಒಂದು ಗಂಟೆ ಮುಂಚೆ ಬಂದು ಅಲ್ಲೇ ಊಟ ಮಾಡ್ಸು. ಅಫುರಿ ಅನ್ನೋ ಚೈನಲ್ಲೂ ವೀಗನ್ ಬೌಲ್ ಇರುತ್ತೆ, ಆದ್ರೆ ಹೋಗೋ ಬ್ರಾಂಚಲ್ಲಿ ಇದ್ಯಾ ಅಂತ ಮೊದಲು ನೋಡ್ಕೋ.

ಪ್ರಶ್ನೆ ಕೇಳಿದವರು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಸೂಪಿನ ವಿಷಯ ಗೊತ್ತೇ ಇರಲಿಲ್ಲ. ಅಕ್ಕಾ, ಇನ್ನೊಂದು ಡೌಟು, ನೂಡಲ್ಸ್ ಹಳದಿ ಇರುತ್ತಲ್ಲ, ಅದರಲ್ಲಿ ಮೊಟ್ಟೆ ಇರುತ್ತಾ?

ಉತ್ತರ – ಅಡುಗೆಮನೆ ಅಕ್ಕ

ಹಳದಿ ಬಣ್ಣ ಬರೋದು ಕಾನ್ಸುಯಿ ಅನ್ನೋ ಕ್ಷಾರದಿಂದ, ನಾವು ಹಪ್ಪಳಕ್ಕೆ ಪಾಪಡ್ ಖಾರ್ ಹಾಕ್ತೀವಲ್ಲ, ಅದೇ ಜಾತಿ. ಮೈದಾಗೆ ಅದು ಸೇರಿದ್ರೆ ಹಿಟ್ಟು ಹಳದಿ ತಿರುಗುತ್ತೆ, ನೂಡಲ್ಸಿಗೆ ಆ ಪುಟಿಯೋ ಗುಣ ಬರೋದೂ ಅದರಿಂದಲೇ. ಆದ್ರೆ ಮೊಟ್ಟೆ ಸೇರಿಸೋ ಅಂಗಡಿಗಳೂ ಇದಾವೆ, ಬಣ್ಣ ನೋಡಿ ಹೇಳೋಕಾಗಲ್ಲ, ಹಾಗಾಗಿ ಅಮ್ಮಂಗೆ ವೀಗನ್ ಅಂತ ಬರೆದಿರೋದನ್ನೇ ಕೊಡ್ಸು. ಬರೀ ವೆಜಿಟೆಬಲ್ ರಾಮೆನ್ ಅಂತ ಬೋರ್ಡ್ ಇದ್ರೆ ನಂಬ್ಬೇಡ, ಅದು ಎಷ್ಟೋ ಸಲ ಹಂದಿ ಸೂಪಿನ ಮೇಲೆ ಎಲೆಕೋಸು ಹಾಕಿರೋದು ಅಷ್ಟೆ. ಸೂಪರ್‌ಮಾರ್ಕೆಟ್ಟಲ್ಲಿ ಸಿಗೋ ಕಪ್ ನೂಡಲ್ಸೂ ಹಾಗೇ, ಸುಮಾರು ಎಲ್ಲದರಲ್ಲೂ ಹಂದಿ ಇಲ್ಲಾ ಕೋಳಿ ಎಕ್ಸ್‌ಟ್ರಾಕ್ಟ್ ಇರುತ್ತೆ, ಲೇಬಲ್ ಸ್ಕ್ಯಾನ್ ಮಾಡದೆ ತಗೋಬೇಡ.